ಮುಂಬೈ ಫ್ಲ್ಯಾಟಿನಲ್ಲಿ ಸ್ಟ್ರೀಮಿಂಗ್ ಆಡಿಯೊ: ಕೇಬಲ್ಲಿಗೆ ಎಷ್ಟು, ಅಡಾಪ್ಟರಿಗೆ ಎಷ್ಟು?

ಪವಾಯಿ, ಐರೋಲಿ, ಠಾಣೆ, ಅಂಧೇರಿ ಕಡೆಯ ನಮ್ಮ ಜನ ಬಹಳ ದಿನದಿಂದ ಒಂದೇ ಪ್ರಶ್ನೆ ಕೇಳ್ತಿದ್ದೀರಿ. ಮನೆಯಲ್ಲಿ ಒಂದು ಸ್ಟ್ರೀಮರ್ ಇದೆ, ಅಥವಾ ರಾಸ್ಪ್‌ಬೆರಿ ಪೈಗೆ ಒಂದು ಡ್ಯಾಕ್ ಸೇರಿಸಿದ್ದೀವಿ. ಒಂದು ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್ ಇದೆ. ಅಂಗಡಿಯವರು "ಆಡಿಯೊ ಗ್ರೇಡ್" ಲ್ಯಾನ್ ಕೇಬಲ್ ಹಾಕಿಸಿ, ಲೀನಿಯರ್ ಪವರ್ ಸಪ್ಲೈ ತಗೊಳ್ಳಿ ಅಂತಾರೆ. ತಗೊಳ್ಳಬೇಕಾ?

ಮೊದಲು ಲೆಕ್ಕ ಹಾಕೋಣ. ಸಿಡಿ ಗುಣಮಟ್ಟದ ಹಾಡು ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್, ತಲಾ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14 ಲಕ್ಷ ಬಿಟ್, ಅಂದರೆ 1.4 ಮೆಗಾಬಿಟ್. ಹೈ-ರೆಸ್ ಅಂತ ಮಾರುವ 24 ಬಿಟ್, 192 ಕಿಲೋಹರ್ಟ್ಸ್ ಫೈಲಿಗೂ ಸುಮಾರು 9.2 ಮೆಗಾಬಿಟ್ ಸಾಕು. ಸಾಧಾರಣ ಕ್ಯಾಟ್ 5ಇ ಕೇಬಲ್ 100 ಮೀಟರ್ ದೂರಕ್ಕೆ 1000 ಮೆಗಾಬಿಟ್ ಸಾಗಿಸುತ್ತೆ. ಎರಡು ಬೆಡ್‌ರೂಮಿನ ಮನೆಯಲ್ಲಿ ರೌಟರಿಂದ ಸ್ಪೀಕರ್ ತನಕ ಹತ್ತು ಮೀಟರ್ ಆದರೆ ಹೆಚ್ಚು.

ಇನ್ನೊಂದು ವಿಷಯ ನಮ್ಮ ಕಸುಬಿನವರಿಗೆ ಹೇಳಬೇಕಾಗೇ ಇಲ್ಲ. ಪ್ರತಿ ಈಥರ್ನೆಟ್ ಫ್ರೇಮಿನ ಕೊನೆಗೂ 32 ಬಿಟ್‌ನ ಚೆಕ್ ಇರುತ್ತೆ. ಕೆಟ್ಟ ಫ್ರೇಮನ್ನು ಬಿಸಾಕುತ್ತೆ, ಟಿಸಿಪಿ ಅದನ್ನ ಮತ್ತೆ ತರಿಸಿಕೊಳ್ಳುತ್ತೆ. ಕೇಬಲ್ ನಿಜವಾಗಲೂ ಹಾಳಾಗಿದ್ದರೆ ಹಾಡು ಕತ್ತರಿಸುತ್ತೆ, ನಿಲ್ಲುತ್ತೆ. ತಬಲಾದ ಬಾಯಾಂ ಮಾತ್ರ ಸೊರಗಿ, ಗಾಯಕರ ಧ್ವನಿ ಸ್ವಲ್ಪ ಹಿಂದಕ್ಕೆ ಸರಿಯೋದು, ಇವೆಲ್ಲ ಆಗಲ್ಲ. ಆಫೀಸಿನಲ್ಲಿ ಯಾರಾದರೂ "ಬೆಳ್ಳಿ ಕೇಬಲ್ ಹಾಕಿದ ಮೇಲೆ ಡೇಟಾಬೇಸಿನ ಅಂಕೆಗಳಿಗೆ ಮೆರುಗು ಬಂತು" ಅಂದರೆ ನಾವು ನಗ್ತೀವಿ. ಅದೇ ನಾವು ಶನಿವಾರ ಸಂಜೆ ಮನೆಯಲ್ಲಿ ಹತ್ತು ಸಾವಿರಕ್ಕೆ ಕಾರ್ಡ್ ಉಜ್ಜುತ್ತೀವಿ!

ನಂಬಿಕೆ ಬರದಿದ್ದರೆ ಹಾಡು ನಡೀತಿರುವಾಗಲೇ ಲ್ಯಾನ್ ಕೇಬಲ್ ಕಿತ್ತುಬಿಡಿ. ಹೆಚ್ಚಿನ ಸ್ಟ್ರೀಮರ್‌ಗಳು ಬಫರಿನಿಂದ ಸ್ವಲ್ಪ ಹೊತ್ತು ನುಡಿಸುತ್ತಲೇ ಇರುತ್ತವೆ. ಆ ಸ್ವಲ್ಪ ಹೊತ್ತು ಕೇಬಲ್ಲೇ ಇಲ್ಲ. ಧ್ವನಿಯಲ್ಲಿ ಏನಾದರೂ ಬದಲಾಯ್ತಾ, ಕಿವಿಗೊಟ್ಟು ಕೇಳಿ.

ಹಾಗಂತ ಕೈಗೆ ಸಿಕ್ಕಿದ ಕೇಬಲ್ ತರಬೇಡಿ. ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಒಂದೇ ಥರ ಕಾಣುವ ಎರಡು ಕೇಬಲ್ಲಿಗೆ ಎರಡು ಬೆಲೆ ಹೇಳ್ತಾರೆ. ಅಗ್ಗದ್ದು ಸಾಮಾನ್ಯವಾಗಿ ಸಿಸಿಎ: ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಪದರ. ಬ್ಲೇಡಿನಿಂದ ತಂತಿಯನ್ನ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದು ಬೇಗ ಮುರಿಯುತ್ತೆ, ರೋಧ ಜಾಸ್ತಿ, ಕೇಬಲ್ ಮೂಲಕವೇ ಕರೆಂಟ್ ಕೊಡುವ ಪಿಒಇ ಸಾಧನ ಇದ್ದರೆ ಬಿಸಿ ಆಗುತ್ತೆ. "ಪ್ಯೂರ್ ಕಾಪರ್ ಕ್ಯಾಟ್ 6, ಯುಟಿಪಿ" ಅಂತ ಕೇಳಿ ತಗೊಳ್ಳಿ, ಅಷ್ಟೇ. ವರ್ಸೋವಾ, ಬಾಂದ್ರಾ ಥರ ಸಮುದ್ರದ ಅಂಚಿನಲ್ಲಿದ್ದರೆ ಪ್ಲಗ್ಗಿನ ಪಿನ್‌ಗೆ ಚಿನ್ನದ ಲೇಪ ಚೆನ್ನಾಗಿರಲಿ. ಉಪ್ಪುಗಾಳಿಗೂ ಮಳೆಗಾಲಕ್ಕೂ ಸಂಪರ್ಕ ಕೆಡುತ್ತೆ.

ಯುಟಿಪಿ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ, ಇಲ್ಲಿಂದ ಮುಂದೆ ನಿಜವಾದ ವಿಷಯ. ಈಥರ್ನೆಟ್ ಪೋರ್ಟಿನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ. 1500 ವೋಲ್ಟ್ ತಡೆಯುವಷ್ಟು ಪ್ರತ್ಯೇಕತೆ ಬೇಕು ಅನ್ನೋದು ಸ್ಟ್ಯಾಂಡರ್ಡಿನಲ್ಲೇ ಇದೆ. ಅಂದರೆ ಯುಟಿಪಿ ಕೇಬಲ್ ಹಾಕಿದರೆ ರೌಟರಿಗೂ ಸ್ಟ್ರೀಮರಿಗೂ ನಡುವೆ ಲೋಹದ ನೇರ ಸಂಬಂಧ ಇರಲ್ಲ. ದುಬಾರಿ ಶೀಲ್ಡೆಡ್ ಕೇಬಲ್ ಹಾಕಿದಿರಿ ಅನ್ನಿ. ಅದರ ಎರಡೂ ತುದಿಯ ಲೋಹದ ಪ್ಲಗ್ಗು ಆ ಬೇರ್ಪಟ್ಟ ಎರಡನ್ನ ಮತ್ತೆ ಸೇರಿಸಿಬಿಡುತ್ತೆ. ರೌಟರ್ ಅಡಾಪ್ಟರಿನ ಸೋರಿಕೆ ಕರೆಂಟು ಶೀಲ್ಡ್ ಹಿಡಿದು ಸ್ಟ್ರೀಮರಿಗೆ ಬಂದು, ಅಲ್ಲಿಂದ ಆಂಪ್ಲಿಫೈಯರಿನ ಅರ್ಥಿಂಗ್ ಹುಡುಕಿಕೊಂಡು ಹೋಗುತ್ತೆ. ದಾರಿಯಲ್ಲಿ ಗುಂಯ್ ಅನ್ನೋ ಹಮ್. ದುಡ್ಡು ಹೆಚ್ಚು ಕೊಟ್ಟು ಸದ್ದು ತಂದುಕೊಂಡ ಹಾಗೆ.

ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಮ್ 50ರಲ್ಲೋ 100ರಲ್ಲೋ ಬರುತ್ತೆ. ತಂಬೂರಿಯ ಖರ್ಜದ ನೆರೆಹೊರೆಯಲ್ಲೇ ಅದು ಕೂತಿರುತ್ತೆ. ಸಿನಿಮಾ ಹಾಡಿನಲ್ಲಿ ಗೊತ್ತೇ ಆಗಲ್ಲ. ಮನ್ಸೂರರ ಆಲಾಪ ಹಾಕಿದಾಗ, ಗಂಗೂಬಾಯಿ ಹಾನಗಲ್ಲರು ಉಸಿರು ತಗೊಳ್ಳುವ ಆ ಖಾಲಿ ಜಾಗದಲ್ಲಿ, ಅದು ಮುಖಕ್ಕೆ ಹೊಡೆಯುತ್ತೆ. ಆದರೆ ಹಳೇ ಟೇಪುಗಳಲ್ಲಿ ರೆಕಾರ್ಡಿಂಗಿನಲ್ಲೇ ಹಮ್ ಇರೋದೂ ಉಂಟು. ಅದಕ್ಕೆ ಹಾಡನ್ನ ಪಾಸ್ ಮಾಡಿ. ಸದ್ದು ನಿಂತರೆ ಅದು ಟೇಪಿನದು, ಬಿಟ್ಟುಬಿಡಿ. ನಿಲ್ಲದಿದ್ದರೆ ನಿಮ್ಮ ಮನೆಯದು. ಆಗ ಲ್ಯಾನ್ ಕೇಬಲ್, ಸೆಟ್‌ಟಾಪ್ ಬಾಕ್ಸಿನ ದುಂಡು ಕೇಬಲ್, ಟಿವಿಯ ಎಚ್‌ಡಿಎಂಐ ಒಂದೊಂದಾಗಿ ತೆಗೆಯುತ್ತಾ ಹೋಗಿ. ತಾರಸಿಯಿಂದ ಇಳಿದು ಬರುವ ಆ ದುಂಡು ಕೇಬಲ್ಲೇ ಎಷ್ಟೋ ಮನೆಗಳಲ್ಲಿ ಕಳ್ಳ. ಇಂಟರ್ನೆಟ್ ಫೈಬರಿನಲ್ಲಿ ಬರ್ತಿದ್ದರೆ ನೀವು ಪುಣ್ಯವಂತರು, ಗಾಜಿನಲ್ಲಿ ಕರೆಂಟು ಹರಿಯಲ್ಲ.

ಈಗ ಅರ್ಥಿಂಗ್. ಇದಕ್ಕೋಸ್ಕರವೇ ಈ ವಿಡಿಯೋ ಮಾಡಿದ್ದು. ಸ್ಟ್ರೀಮರಿನ ಲೋಹದ ಡಬ್ಬಿ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಾ? ಎರಡು ಪಿನ್ನಿನ ಅಡಾಪ್ಟರುಗಳಲ್ಲಿ ಒಂದು ಚಿಕ್ಕ ಕೆಪಾಸಿಟರ್ ಮೂಲಕ ಸ್ವಲ್ಪ ಕರೆಂಟು ಸೋರೋದು ಸಹಜ. ಒಳ್ಳೇ ಅಡಾಪ್ಟರಿನಲ್ಲಿ ಅದು ಮಿಲಿಆಂಪಿಯರಿನ ಕಾಲು ಭಾಗ ಮೀರಬಾರದು. ಆದರೆ ರೌಟರ್, ಸ್ಟ್ರೀಮರ್, ಡ್ಯಾಕ್, ಟಿವಿ ಎಲ್ಲದರದ್ದೂ ಒಟ್ಟಿಗೆ ಸೇರುತ್ತೆ. ಹೆಸರಿಲ್ಲದ ಅಡಾಪ್ಟರಿನಲ್ಲಿ ಆ ಕೆಪಾಸಿಟರ್ ಯಾವ ಯೋಗ್ಯತೆಯದೋ ದೇವರೇ ಬಲ್ಲ. ಅದು ಶಾರ್ಟ್ ಆದರೆ ಜುಮ್ ಅನ್ನೋದು ಹೋಗಿ ಶಾಕ್ ಆಗುತ್ತೆ. ಊರಿಂದ ಬಂದ ಅಮ್ಮ ಒದ್ದೆ ಬಟ್ಟೆಯಲ್ಲಿ ಅದೇ ಡಬ್ಬಿ ಒರೆಸ್ತಾರೆ ಅನ್ನೋದು ನೆನಪಿರಲಿ. ಅಡಾಪ್ಟರ್ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ.

ಹಳೇ ಬಿಲ್ಡಿಂಗಿನ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಹಿಂದೆ ಮೂರನೇ ತಂತಿ ಇಲ್ಲದೇ ಇರಬಹುದು. ಅಗ್ರಿಮೆಂಟಿಗೆ ಸಹಿ ಹಾಕೋ ಮುಂಚೆ ಎಲೆಕ್ಟ್ರಿಷಿಯನ್ನನ ಹತ್ತಿರ ಮೂರು ಅಳತೆ ತೆಗೆಸಿ. ಫೇಸ್–ನ್ಯೂಟ್ರಲ್ 230ರ ಸುತ್ತಮುತ್ತ ಇರಬೇಕು. ಫೇಸ್–ಅರ್ಥಿಂಗ್ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್–ಅರ್ಥಿಂಗ್ ನಡುವೆ ಒಂದೆರಡು ವೋಲ್ಟ್. ಅದೇ ಸಾಕೆಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದಾಗಲೂ ಇದು ಸೊನ್ನೆಯಿಂದ ಕದಲದಿದ್ದರೆ ಅನುಮಾನ ಪಡಿ, ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ತಂತಿ ಕಟ್ಟಿರಬಹುದು. ಇದು ಕೆಲವರ ಜುಗಾಡ್. ಎಲ್ಲೋ ನ್ಯೂಟ್ರಲ್ ಕಡಿದರೆ ಆಂಪ್ಲಿಫೈಯರಿನ ಮೈಮೇಲೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತೆ.

ಹಮ್ ನಿಲ್ಲಿಸೋಕೆ ಆಂಪ್ಲಿಫೈಯರಿನ ಅರ್ಥ್ ಪಿನ್ ಕಿತ್ತುಹಾಕಿ ಅಂತ ಸಲಹೆ ಕೊಡುವವರೂ ಇದ್ದಾರೆ. ಖಂಡಿತ ಮಾಡಬೇಡಿ. ಹಮ್ ನಿಲ್ಲಬಹುದು, ಆದರೆ ನಿಮ್ಮ ಜೀವಕ್ಕಿದ್ದ ಕಾವಲೂ ಹೋಗುತ್ತೆ. ಬೇರೆ ದಾರಿಗಳಿವೆ: ಯುಟಿಪಿ ಕೇಬಲ್, ಟಿವಿ ಕೇಬಲ್ಲಿಗೆ ಐಸೊಲೇಟರ್, ಎಲ್ಲ ಆಡಿಯೊ ಸಾಮಾನಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಓನರ್ ಹತ್ತಿರ ಜಗಳ ಆಡಿಯಾದರೂ ಹಾಕಿಸಿ. ಆ ದುಡ್ಡು ಬೆಳ್ಳಿ ಕೇಬಲ್ಲಿಗಿಂತ ಕಡಿಮೆ.

ಪೈ ಇಟ್ಟುಕೊಂಡವರಿಗೆ ಒಂದು ಮಾತು. ಕೇಬಲ್ಲಿನ ದಪ್ಪ ನಿಜವಾಗಿ ಲೆಕ್ಕಕ್ಕೆ ಬರೋದು 5 ವೋಲ್ಟಿನ ತಂತಿಯಲ್ಲಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು. ಫೋನ್ ಚಾರ್ಜರಿನ ಉದ್ದನೆಯ ತೆಳು ಕೇಬಲ್ಲಿಗೆ ಹೋಗಿಬರುವ ರೋಧ 0.2 ಓಮ್ ಇದ್ದರೆ, 3 ಆಂಪಿಯರಿಗೆ 0.6 ವೋಲ್ಟ್ ದಾರಿಯಲ್ಲೇ ಖರ್ಚು. ಉಳಿದದ್ದು 4.5. ಪೈ 4.63ರ ಕೆಳಗೆ ಇಳಿದರೆ ವೋಲ್ಟೇಜ್ ಕಮ್ಮಿ ಅಂತ ಎಚ್ಚರಿಸುತ್ತೆ. ಯುಎಸ್‌ಬಿ ಡ್ಯಾಕ್ ಟಿಕ್ ಟಿಕ್ ಅನ್ನೋದು, ಮಧ್ಯೆ ಕಾಣೆಯಾಗೋದು ಬಹಳ ಸಲ ಇದರಿಂದ. ಪೈಯದೇ ಅಧಿಕೃತ ಅಡಾಪ್ಟರ್ ತಗೊಳ್ಳಿ, ಅದರ ತಂತಿ ದಪ್ಪ, ಅಂಟಿಕೊಂಡೇ ಬರುತ್ತೆ.

ಲೀನಿಯರ್ ಸಪ್ಲೈ? ಮೋಸದ ವಸ್ತು ಅಲ್ಲ. ಸೋರಿಕೆ ಕಡಿಮೆ, ಹೈ ಫ್ರೀಕ್ವೆನ್ಸಿ ಗಲಾಟೆ ಕಡಿಮೆ. ಆದರೆ ಡ್ಯಾಕಿನ ಒಳಗೇ ರೆಗ್ಯುಲೇಟರ್ ಇರುತ್ತೆ, ಅದರ ಕೆಲಸ ಅದು ಮಾಡುತ್ತೆ. ಹಮ್ ಹುಡುಕಿ ಮುಗಿಸಿ, ಅರ್ಥಿಂಗ್ ಸರಿ ಮಾಡಿಸಿದ ಮೇಲೂ ಅಡಾಪ್ಟರ್ ಬದಲಾಯಿಸಿದರೆ ಸದ್ದು ಬದಲಾಗ್ತಿದೆ ಅಂತಾದರೆ ಮಾತ್ರ ಯೋಚಿಸಿ. ನಾನಾದರೆ ಅದೇ ದುಡ್ಡಿಗೆ ಹಾಲಿಗೆ ದಪ್ಪ ಪರದೆ, ಒಂದು ಜಮಖಾನ ಹಾಕ್ತೀನಿ. ಟೈಲ್ಸ್ ನೆಲದ ಖಾಲಿ ಗೋಡೆಯ ಮುಂಬೈ ಹಾಲಿನಲ್ಲಿ ಆಗೋ ವ್ಯತ್ಯಾಸ ಯಾರ ಕಿವಿಗೂ ಕೇಳುತ್ತೆ.

ರೌಟರಿಗೆ ಯುಪಿಎಸ್ ಬೇಕಾ ಅಂತಲೂ ಕೇಳಿದ್ದೀರಿ. ಮುಂಬೈಯಲ್ಲಿ ಕರೆಂಟು ಹೋಗೋದು ಅಪರೂಪ, ಆದರೆ 2020ರ ಅಕ್ಟೋಬರ್ 12ರಂದು ಲೋಕಲ್ ಟ್ರೈನು ಸಮೇತ ಎಲ್ಲ ನಿಂತಿತ್ತು. ಮನೆಯಿಂದ ಕೆಲಸ ಮಾಡುವವರು 12 ವೋಲ್ಟಿನ ಮಿನಿ ಯುಪಿಎಸ್ ಇಟ್ಟುಕೊಳ್ಳಿ. ಕೊಳ್ಳುವಾಗ ರೌಟರ್ ಅಡಾಪ್ಟರಿನ ವೋಲ್ಟ್, ಆಂಪಿಯರ್, ಪಿನ್ನಿನ ಅಳತೆ ಮೂರನ್ನೂ ಹೊಂದಿಸಿ ನೋಡಿ. ಹಾಡಿಗೆ ಅದರಿಂದ ಏನೂ ಉಪಯೋಗ ಇಲ್ಲ, ಆಂಪ್ಲಿಫೈಯರ್ ಹೇಗೂ ಆಫ್ ಆಗಿರುತ್ತಲ್ಲ!