ಒಂದು ಇಡ್ಲಿ ಪಾತ್ರೆ, ನಾಲ್ಕು ತಾಲೂಕಿನ ಅಡುಗೆ



ಅನೇಕ ಮನೆಗಳಲ್ಲಿ ಇಡ್ಲಿ ಪಾತ್ರೆಯು ವಾರಕ್ಕೊಮ್ಮೆ ಒಲೆಯೇರಿ ಉಳಿದ ಆರು ದಿನ ಅಟ್ಟದ ಮೇಲೆ ವಿಶ್ರಮಿಸುತ್ತದೆ. ಟಿಬೆಟಿನ ಮೊಮೊ, ನಮ್ಮ ಅರಿಶಿನ ಎಲೆಯ ಕಡುಬು, ಜೊಯಿಡಾದ ಗೆಡ್ಡೆ ಇವೆಲ್ಲವೂ ಅದರಲ್ಲಿಯೇ ಬೇಯುತ್ತವೆ ಎಂದರೆ ನೀವು ನಗಬಹುದು. ಆದರೆ ದಾಂಡೇಲಿಯಂಥ ಊರಿನಲ್ಲಿ ಇದು ನಗುವ ಮಾತಲ್ಲ. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು ಅದು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಊಟವಾಗಬೇಕು, ಅದೇ ಹೊತ್ತಿಗೆ ಮಕ್ಕಳು ಶಾಲೆಗೆ ಹೊರಡಬೇಕು. ಒಲೆಯ ಮುಂದೆ ನಿಂತವಳಿಗೆ ಎರಡೇ ಕೈ!

ಹಬೆಯ ಗುಣ ಇಲ್ಲಿ ನಮಗೆ ನೆರವಾಗುತ್ತದೆ. ಹಬೆಯು ತಣ್ಣಗಿನ ಹಿಟ್ಟನ್ನು ಮುಟ್ಟಿ ನೀರಾಗುವಾಗ ತನ್ನೊಳಗಿನ ಕಾವನ್ನೆಲ್ಲ ಅದಕ್ಕೆ ಬಿಟ್ಟುಕೊಡುತ್ತದೆ. ಆದುದರಿಂದ ನೀರು ಚೆನ್ನಾಗಿ ಕುದಿದ ಮೇಲೆಯೇ ತಟ್ಟೆ ಇಡಿ. ಮುಚ್ಚಳಕ್ಕೆ ತೆಳುವಾದ ಬಟ್ಟೆಯನ್ನು ಬಿಗಿದರೆ ಹನಿಗಳು ಮೇಲಿಂದ ತೊಟ್ಟಿಕ್ಕಿ ಹಿಟ್ಟು ಅಂಟಂಟಾಗುವುದಿಲ್ಲ. ಬಟ್ಟೆಯ ತುದಿಗಳನ್ನು ಮೇಲಕ್ಕೆ ಗಂಟು ಹಾಕಿ, ಬೆಂಕಿಗೆ ತಾಗದಿರಲಿ.

ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಲಾಸಾ ಸೀಮೆಯ ಡ್ರೆಪುಂಗ್ ಮತ್ತು ಗಂದೆನ್ ಮಠಗಳು ಬಳಿಕ ಅಲ್ಲಿಯೇ ಮತ್ತೆ ನೆಲೆಗೊಂಡವು. ಅವರೊಡನೆ ಬಂದ ಮೊಮೊ ಇಂದು ನಮ್ಮ ಮಕ್ಕಳ ಬಾಯಿಗೂ ರುಚಿಸಿದೆ. ಮನೆಯಲ್ಲಿ ಮಾಡಲು ಹೀಗೆ ಮಾಡಿ: ಎರಡು ಬಟ್ಟಲು ಹಿಟ್ಟು ತೆಗೆದುಕೊಳ್ಳಿ. ಮೈದಾ ಮಾತ್ರವೇ ಆಗಬೇಕೆಂದಿಲ್ಲ, ಅರ್ಧ ಗೋಧಿ ಹಿಟ್ಟು ಬೆರೆಸಿದರೆ ಹೊಟ್ಟೆಗೂ ಹಿತ. ಉಪ್ಪು, ನೀರು ಹಾಕಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಎಲೆಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪು ಸವರಿ ಹತ್ತು ನಿಮಿಷ ಇಟ್ಟು, ಮುಷ್ಟಿಯಲ್ಲಿ ಹಿಂಡಿ ನೀರು ತೆಗೆಯಿರಿ. ಈ ಹಿಂಡುವ ಕೆಲಸವನ್ನು ಬಿಟ್ಟರೆ ಮೊಮೊ ಒಡೆದು ಗೊಜ್ಜಾದೀತು. ಈರುಳ್ಳಿ, ಶುಂಠಿ, ಕರಿಮೆಣಸಿನ ಪುಡಿ, ಒಂದು ಚಮಚ ಎಣ್ಣೆ ಸೇರಿಸಿ. ಪೂರಿಗಿಂತ ಚಿಕ್ಕದಾಗಿ ಲಟ್ಟಿಸಿ, ಅಂಚು ತೆಳ್ಳಗೆ, ನಡು ದಪ್ಪ. ಹೂರಣವಿಟ್ಟು ಮೋದಕದಂತೆ ನಿರಿಗೆ ಹಿಡಿಯಿರಿ. ಮೋದಕ ಕಟ್ಟಿ ಬಲ್ಲ ನಿಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಸವರಿದ ಇಡ್ಲಿ ಗುಳಿಗೆ ಒಂದೊಂದರಂತೆ ಇಟ್ಟು ಹನ್ನೆರಡು ನಿಮಿಷ ಬೇಯಿಸಿ. ನೆಂಚಿಕೊಳ್ಳಲು ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಬೇಯಿಸಿದ ಟೊಮೇಟೊ ಅರೆದ ಚಟ್ನಿ ಸಾಕು. ಬಣ್ಣ ಹೆಚ್ಚು, ಖಾರ ಕಡಿಮೆ, ಮಕ್ಕಳೂ ತಿಂದಾರು.

ಟಿಬೆಟಿನವರ ಥೆಂತುಕ್ ಎಂಬುದು ಹಿಟ್ಟಿನ ತುಂಡುಗಳನ್ನು ಕಿತ್ತು ಕುದಿಯುವ ಸಾರಿಗೆ ಹಾಕುವ ಅಡುಗೆ. ಬೇಳೆಯ ಸಾರಿನಲ್ಲಿ ಗೋಧಿ ಹಿಟ್ಟಿನ ತುಂಡು ಬೇಯಿಸುವ ಮರಾಠಿ ಮನೆಗಳ ವರಣಫಳವನ್ನು ಬಲ್ಲ ಹಳಿಯಾಳದ ಹೆಣ್ಣುಮಕ್ಕಳಿಗೆ ಇದು ಹೊಸದೆನಿಸದು.

ಇನ್ನು ಜೊಯಿಡಾ. ಹಿಂದೆ ಸೂಪಾ ಎಂದು ಕರೆಯುತ್ತಿದ್ದ ಈ ತಾಲೂಕಿನ ಕುಣಬಿ ಕುಟುಂಬಗಳು ಬಗೆಬಗೆಯ ಗೆಡ್ಡೆಗೆಣಸುಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ. ಜೊಯಿಡಾದಲ್ಲಿ ಗೆಡ್ಡೆಗೆಣಸಿನ ಮೇಳವೂ ನಡೆಯುತ್ತ ಬಂದಿದೆ. ಆದರೆ ಮೇಳದಲ್ಲಿ ನೋಡಿ ಮೆಚ್ಚಿ, ಸಂತೆಯಲ್ಲಿ ಆಲೂಗಡ್ಡೆಯನ್ನೇ ಕೊಂಡು ಬಂದರೆ ಆ ಬೆಳೆ ಎಷ್ಟು ದಿನ ನಿಂತೀತು? ಪೇಟೆಯ ಮಕ್ಕಳು ಗೆಡ್ಡೆ ಕಂಡರೆ ಮೂಗು ಮುರಿಯುತ್ತಾರೆ, ನಿಜ. ಅದಕ್ಕೊಂದು ಉಪಾಯವಿದೆ. ಬಳ್ಳಿಯ ಗೆಣಸನ್ನು ಸಿಪ್ಪೆಸಹಿತ ಮೆತ್ತಗಾಗುವವರೆಗೆ ಹಬೆಯಲ್ಲಿಟ್ಟು, ಸುಲಿದು ಹಿಸುಕಿ, ಹಸಿಮೆಣಸು, ಕಾಯಿತುರಿ, ಕೊತ್ತಂಬರಿ ಕೂಡಿಸಿ ಎಲೆಕೋಸಿನ ಬದಲು ಮೊಮೊದೊಳಗೆ ತುಂಬಿ. ಹಿಂಡುವ ಶ್ರಮವೂ ಉಳಿಯಿತು! ಕೆಸುವಿನ ಗೆಡ್ಡೆಯಾದರೆ ಮಾತ್ರ ಎಚ್ಚರ. ಅದರಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಗಂಟಲು ತುರಿಸುವುದು ಅದರಿಂದಲೇ. ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ, ಹುಣಸೆ ಅಥವಾ ಮುರುಗಲ ಸಿಪ್ಪೆ ಹಾಕಿದ ನೀರಿನಲ್ಲಿ ಪೂರ್ತಿ ಬೇಯಿಸಿ. ಅರೆಬೆಂದುದನ್ನು ರುಚಿ ನೋಡಲು ಹೋಗಬೇಡಿ.

ಮೇಲಿನ ತಟ್ಟೆ ಖಾಲಿಯಿದ್ದರೆ ಅರಿಶಿನ ಎಲೆಗೆ ಅಕ್ಕಿಹಿಟ್ಟು ಬಳಿದು, ಬೆಲ್ಲ ಕಾಯಿ ಇಟ್ಟು ಮಡಚಿದ ಕಡುಬನ್ನೂ ಅದೇ ಹಬೆಗೆ ಸೇರಿಸಿ. ಎಲೆ ಬಣ್ಣಗೆಟ್ಟು ಪರಿಮಳ ಮನೆಯೆಲ್ಲ ಹರಡುವಾಗ ಅದು ಬೆಂದಿರುತ್ತದೆ. ಮೊಮೊ ಮಿಕ್ಕರೆ ಮರುದಿನ ಬೆಳಗ್ಗೆ ಕಾವಲಿಯ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ತಳ ಕೆಂಪಗಾಗುವಂತೆ ಬಿಸಿ ಮಾಡಿಕೊಡಿ. ರಾತ್ರಿ ಪಾಳಿಯಿಂದ ಬಂದವರಿಗೆ ಚಹಾದ ಜೊತೆಗೆ ಅದೇ ಸಾಕಾದೀತು.