ಲಕೋಟೆ ಬಿಚ್ಚುವ ಮುನ್ನ

ಅಂಚೆಯವನು ತಂದುಕೊಟ್ಟ ಕಾಗದ ಯಾರದೆಂದು ನೋಡಿ, ಆಮೇಲೆ ಬಿಚ್ಚುವುದು ನಮ್ಮ ಹಿರಿಯರ ರೂಢಿ. ಪರಿಚಿತ ಅಕ್ಷರ ಕಂಡರೆ ಮನಸ್ಸು ನಿರಾಳವಾಗುತ್ತಿತ್ತು. ಕಂಪ್ಯೂಟರಿನ ಅಂಚೆಯಲ್ಲಿ ಕೈಬರಹವಿಲ್ಲ. ಹೆಸರು ಮಾತ್ರ ಉಂಟು. ಆ ಹೆಸರನ್ನು ನಂಬಿ ನಾನು ಮೋಸಹೋದ ಪ್ರಸಂಗವೊಂದನ್ನು ಇಂದು ಹೇಳಬೇಕೆಂದಿದ್ದೇನೆ.

2000ನೇ ಇಸವಿಯ ಮೇ ತಿಂಗಳು. ಹಳೆಯ ಸ್ನೇಹಿತರೊಬ್ಬರ ವಿಳಾಸದಿಂದ ನನಗೊಂದು ಇ-ಮೇಲ್ ಬಂತು. ಅದರ ತಲೆಬರಹ ‘ಐ ಲವ್ ಯೂ’. ವ್ಯಾಕರಣ ಪಾಠ ಹೇಳಿ ನಿವೃತ್ತರಾದ ಆ ಗಂಭೀರ ಮನುಷ್ಯರಿಗೆ ಇದೇನಾಯಿತೆಂದು ನಗುತ್ತಲೇ, ಅದರೊಡನೆ ಲಗತ್ತಿಸಿದ್ದ ಪ್ರೇಮಪತ್ರವನ್ನು ತೆರೆದೆ. ಪತ್ರವೇನೂ ಕಾಣಲಿಲ್ಲ. ಆದರೆ ನಮ್ಮ ತಂದೆಯವರು ತಾಯಿಗೆ ಬರೆದಿದ್ದ ಕಾಗದಗಳನ್ನು ನಾನು ಸ್ಕ್ಯಾನ್ ಮಾಡಿಸಿ ಅದೇ ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಸಂಜೆ ನೋಡಿದರೆ ಆ ಚಿತ್ರಗಳಲ್ಲಿ ಒಂದೂ ಉಳಿದಿರಲಿಲ್ಲ. ಸುಳ್ಳು ಪ್ರೇಮಪತ್ರವೊಂದು ನಿಜವಾದ ಪ್ರೇಮಪತ್ರಗಳನ್ನು ನುಂಗಿತ್ತು.

ನಡೆದದ್ದೇನೆಂದು ಆಮೇಲೆ ತಿಳಿಯಿತು. ಮೇ 4ರಂದು ಫಿಲಿಪೀನ್ಸಿನ ಮನಿಲಾದಿಂದ ಹೊರಟ ವೈರಸ್ ಅದು. ಕಡತದ ಹೆಸರಿನಲ್ಲಿ ‘ಟಿಎಕ್ಸ್‌ಟಿ’ ಎಂದಿದ್ದರಿಂದ ಸಾಮಾನ್ಯ ಬರಹದಂತೆ ತೋರುತ್ತಿತ್ತು. ಅದರ ಮುಂದೆ ‘ವಿಬಿಎಸ್’ ಎಂಬ ಬಾಲವೂ ಇತ್ತು. ವಿಂಡೋಸ್ ಆ ಬಾಲವನ್ನು ಮರೆಮಾಡುತ್ತಿತ್ತು. ಬಾಲದ ಅರ್ಥ, ಇದು ಓದುವ ಕಾಗದವಲ್ಲ, ಕೆಲಸ ಮಾಡುವ ಪ್ರೋಗ್ರಾಮು ಎಂದು. ತೆರೆದೊಡನೆ ಅದು ಚಿತ್ರಗಳ ಮೇಲೆ ತನ್ನನ್ನೇ ಬರೆದುಕೊಂಡು, ಔಟ್‌ಲುಕ್‌ನ ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳುಹಿಸುತ್ತಿತ್ತು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಕೂಡ ತನ್ನ ಇ-ಮೇಲನ್ನು ನಿಲ್ಲಿಸಬೇಕಾಯಿತು. ಅದನ್ನು ಬರೆದ ಓನೆಲ್ ಡಿ ಗುಜ್ಮಾನ್ ಎಂಬ ತರುಣನನ್ನು ದಂಡಿಸಲು ಅಂದು ಆ ದೇಶದಲ್ಲಿ ತಕ್ಕ ಕಾನೂನೇ ಇರಲಿಲ್ಲ.

ನನ್ನ ಸ್ನೇಹಿತರು ಮರುದಿನ ಫೋನಿನಲ್ಲಿ, ‘ನನ್ನಿಂದ ನಿಮಗೆ ಹೀಗಾಯಿತಲ್ಲ’ ಎಂದು ಬಹಳ ನೊಂದುಕೊಂಡರು. ಅವರೂ ಇನ್ನೊಬ್ಬ ಪರಿಚಿತರ ಹೆಸರನ್ನು ನಂಬಿದವರೇ. ವಿಶ್ವಾಸವೇ ಈ ರೋಗದ ವಾಹನ.

ಆದುದರಿಂದ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ನಿರೀಕ್ಷಿಸದ ಲಗತ್ತು ಬಂದರೆ, ಅದು ಸ್ವಂತ ತಮ್ಮನ ಹೆಸರಿನಲ್ಲಿಯೇ ಬಂದಿರಲಿ, ಫೋನು ಮಾಡಿ ವಿಚಾರಿಸದೆ ತೆರೆಯುವುದಿಲ್ಲ. ಕಡತದ ಪೂರ್ಣ ಹೆಸರು ಕಾಣುವಂತೆ ವಿಂಡೋಸ್‌ನಲ್ಲಿ ಬದಲಾವಣೆ ಮಾಡಿಕೊಂಡಿದ್ದೇನೆ. ‘ಇಎಕ್ಸ್‌ಇ’, ‘ವಿಬಿಎಸ್’, ‘ಜೆಎಸ್’ ಎಂದು ಕೊನೆಗೊಳ್ಳುವುದನ್ನು ಮುಟ್ಟುವುದಿಲ್ಲ. ವರ್ಡ್ ಅಥವಾ ಎಕ್ಸೆಲ್ ಕಡತ ನಿರಪಾಯವೆಂದೂ ತಿಳಿಯಬಾರದು. 1999ರ ಮೆಲಿಸ್ಸಾ ವೈರಸ್ ವರ್ಡ್ ಕಡತದೊಳಗಿನ ಮ್ಯಾಕ್ರೋ ರೂಪದಲ್ಲಿಯೇ ಹರಡಿತು. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯತೊಡಗಿದ್ದು 2022ರಲ್ಲಿ. ಆ ತಡೆಯನ್ನು ತೆಗೆಯಿರೆಂದು ಕಡತವೇ ಬೇಡಿಕೊಂಡರೆ, ಅದೇ ಅದರ ದುರುದ್ದೇಶಕ್ಕೆ ಸಾಕ್ಷಿ. ಗುಪ್ತಪದ ಹಾಕಿದ ಜಿಪ್ ಕಡತದ ಒಳಗನ್ನು ಸಾಮಾನ್ಯವಾಗಿ ವೈರಸ್ ನಿರೋಧಕವೂ ಇಣುಕಿ ನೋಡಲಾರದು. ‘ಇಂದೇ ಕಟ್ಟದಿದ್ದರೆ ದಂಡ’ ಎಂಬ ಅವಸರದ ಮಾತಿದ್ದಲ್ಲಿ ಇಮ್ಮಡಿ ಎಚ್ಚರ ಬೇಕು. ಮೋಸಕ್ಕೆ ಸದಾ ಅವಸರವೇ.

ಅಕಸ್ಮಾತ್ ತೆರೆದುಬಿಟ್ಟರೆ ನಾಚಿ ಸುಮ್ಮನಿರಬಾರದು. ಮೊದಲು ಅಂತರ್ಜಾಲದ ಸಂಪರ್ಕ ತಪ್ಪಿಸಿ, ಬೇರೊಂದು ಯಂತ್ರದಿಂದ ಗುಪ್ತಪದಗಳನ್ನು ಬದಲಿಸಿ, ಪರಿಚಿತರನ್ನು ಎಚ್ಚರಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು.

ತಂದೆಯವರ ಮೂಲ ಕಾಗದಗಳು ಅಕ್ಕನ ಮನೆಯ ಟ್ರಂಕಿನಲ್ಲಿದ್ದವು. ಮಳೆಗೆ ನೆನೆದು ಮಸಿ ಹರಡಿಹೋಗಿದ್ದ ಹನ್ನೊಂದನ್ನು ಬಿಟ್ಟು ಉಳಿದವು ಮತ್ತೆ ದೊರೆತವು. ಈಗ ಅವುಗಳ ಒಂದು ಪ್ರತಿ ಯಂತ್ರದಲ್ಲಿದೆ, ಇನ್ನೊಂದು ಯಂತ್ರಕ್ಕೆ ಜೋಡಿಸದೆ ಬೀರುವಿನಲ್ಲಿಟ್ಟ ಡಿಸ್ಕಿನಲ್ಲಿದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಇಂದಿನ ವೈರಸ್ಸುಗಳ ಕೈಗೂ ಆ ಡಿಸ್ಕು ಎಟುಕದು. ಆ ಹನ್ನೊಂದು ಕಾಗದಗಳಲ್ಲಿ ಏನಿತ್ತೆಂದು ಅಕ್ಕ ಈಗಲೂ ಕೇಳುತ್ತಾಳೆ. ನೆನಪಿದ್ದಷ್ಟನ್ನು ಹೇಳುತ್ತೇನೆ.