ಒಂದು ಕಿಲೋ ಜಲಜನಕಕ್ಕೆ ಎಷ್ಟು ದೂರ?



2021ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ರಸ್ತೆಗಳ ಮೇಲೆ, ಟೊಯೋಟಾ ಸಂಸ್ಥೆಯ ಮಿರಾಯ್ ಎಂಬ ಇಂಧನಕೋಶದ ಕಾರೊಂದು, ಒಮ್ಮೆ ತುಂಬಿಸಿಕೊಂಡ ಜಲಜನಕದಲ್ಲಿಯೇ, ನಡುವೆ ಎಲ್ಲಿಯೂ ಮತ್ತೆ ತುಂಬಿಸಿಕೊಳ್ಳದೆ, ಎರಡು ದಿನಗಳಲ್ಲಿ 1,360 ಕಿಲೋಮೀಟರು ಕ್ರಮಿಸಿ ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿತು. ಅದಕ್ಕೆ ವ್ಯಯವಾದ ಜಲಜನಕ 5.65 ಕಿಲೋಗ್ರಾಂ, ಎಂದರೆ ಕಿಲೋ ಒಂದಕ್ಕೆ 240 ಕಿಲೋಮೀಟರು. ಅದೇ ತಲೆಮಾರಿನ ಅದೇ ಕಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರು ಹಚ್ಚಿರುವ ಚೀಟಿಯಲ್ಲಿ ಒಂದು ತುಂಬಿಗೆ 402 ಮೈಲಿ, ನಮ್ಮ ಲೆಕ್ಕದಲ್ಲಿ 647 ಕಿಲೋಮೀಟರು, ಎಂದಿದೆ. ಯುರೋಪಿನ ಪರೀಕ್ಷಾಕ್ರಮದಂತೆ ಸುಮಾರು 650. ಜಪಾನಿನಲ್ಲಿ ಮಾರಾಟಗಾರನು ಗಿರಾಕಿಯ ಕೈಗೆ ಕೊಡುವ ವಿವರಪತ್ರದಂತೆ ಸುಮಾರು 850. ಈ ನಾಲ್ವರಲ್ಲಿ ಸುಳ್ಳು ಹೇಳಿದವರು ಯಾರು ಎಂದು ಕೇಳುವುದು ಸಹಜವೇ ಆದರೂ, ಯಾರೂ ಸುಳ್ಳು ಹೇಳಿಲ್ಲವೆಂಬುದೇ ಈ ವಿಚಾರ ಸಂಕಿರಣದ ಮೂಲ ತೊಡಕಾಗಿದೆ.

ಜಪಾನಿನವರ ಪರೀಕ್ಷೆಯಲ್ಲಿ ಅತಿವೇಗದ ಅಂತಿಮ ಭಾಗವನ್ನು, ತಮ್ಮ ದೇಶದ ರಸ್ತೆಗಳಿಗೆ ಅದು ಒಪ್ಪದೆಂಬ ಕಾರಣದಿಂದ, ಕೈಬಿಟ್ಟಿದ್ದಾರೆ. ಯುರೋಪಿನವರು ಅದನ್ನು ಉಳಿಸಿಕೊಂಡಿದ್ದಾರೆ. ಅಮೆರಿಕದವರಾದರೋ ಪ್ರಯೋಗಾಲಯದಲ್ಲಿ ದೊರೆತ ಅಂಕಿಯನ್ನು ರಸ್ತೆಯ ವಾಸ್ತವಕ್ಕೆ ಹತ್ತಿರ ತರುವ ಉದ್ದೇಶದಿಂದ ತಕ್ಕಷ್ಟು ತಗ್ಗಿಸಿಯೇ ಚೀಟಿಯ ಮೇಲೆ ಬರೆಯುತ್ತಾರೆ. ಇನ್ನು ದಾಖಲೆ ಸ್ಥಾಪಿಸಿದ ಚಾಲಕರು, ಮಿತವಾದ ವೇಗದಲ್ಲಿ, ಬ್ರೇಕನ್ನು ಕೃಪಣನು ಹಣದ ಚೀಲವನ್ನು ಮುಟ್ಟುವಷ್ಟೇ ವಿರಳವಾಗಿ ಮುಟ್ಟುತ್ತ ನಡೆಸುವ ವಿದ್ಯೆಯಲ್ಲಿ ನುರಿತವರು. ಆದಕಾರಣ ಕಿಲೋಗೆ ಇಷ್ಟು ಕಿಲೋಮೀಟರು ಎಂಬುದು ಕಾರಿನ ಬಣ್ಣದಂತೆ, ತೂಕದಂತೆ, ಕಾರಿಗೇ ಅಂಟಿಕೊಂಡ ಗುಣವಲ್ಲ. ಕಾರು, ರಸ್ತೆ, ಹವೆ, ಚಾಲಕ, ಅಳೆಯುವವನು ಈ ಐವರ ನಡುವಣ ಸಂಬಂಧವೊಂದರ ಹೆಸರು. ಪೆಟ್ರೋಲಿನ ಕಾರಿನ ವಿಷಯದಲ್ಲಿಯೂ ಇದು ನಿಜವೇ. ಪುಣೆಯ ಎ.ಆರ್.ಎ.ಐ. ಸಂಸ್ಥೆಯ ಅಂಕಿಯನ್ನು ನಂಬಿ ಕಾರು ಕೊಂಡು, ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಂತು ನಿಟ್ಟುಸಿರುಬಿಟ್ಟವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಆದರೆ ಜಲಜನಕದ ಸಂಗತಿಯಲ್ಲಿ, ಪೆಟ್ರೋಲಿನವರು ಎಂದೂ ಚಿಂತಿಸದಿದ್ದ ಒಂದು ಕಷ್ಟ ಇವೆಲ್ಲಕ್ಕಿಂತ ಮುಂಚೆಯೇ ಎದುರಾಗುತ್ತದೆ: ವ್ಯಯವಾದ ಇಂಧನವೆಷ್ಟು ಎಂಬುದನ್ನೇ ನಿಶ್ಚಯಿಸುವುದು ಹೇಗೆ? ಈ ಭಾಷಣದ ಹೆಚ್ಚಿನ ಭಾಗವನ್ನು ನಾನು ಆ ಒಂದು ಪ್ರಶ್ನೆಗೆ ಮೀಸಲಿಡಬಯಸುತ್ತೇನೆ; ಏತಕ್ಕೆಂದರೆ ದೂರವನ್ನು ಅಳೆಯುವುದರಲ್ಲಿ ನಾವು ತಪ್ಪುವುದು ಅಪರೂಪ, ಭಾಗಿಸುವ ಸಂಖ್ಯೆಯಲ್ಲಿ ತಪ್ಪುವುದು ನಿತ್ಯದ ಮಾತು.

ಪೆಟ್ರೋಲು, ಡೀಸೆಲುಗಳ ಕಾರನ್ನು ಪರೀಕ್ಷಾಶಾಲೆಯ ಉರುಳೆಗಳ ಮೇಲೆ ಓಡಿಸುವಾಗ, ಟ್ಯಾಂಕಿನೊಳಗೆ ಇಣುಕಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಹೊಗೆಕೊಳವೆಯಿಂದ ಹೊರಬಂದ ಅನಿಲಗಳನ್ನು ಸಂಗ್ರಹಿಸಿ, ಅವುಗಳಲ್ಲಿರುವ ಇಂಗಾಲವನ್ನು ಎಣಿಸಿ, ಇಷ್ಟು ಇಂಗಾಲ ಹೊರಬರಬೇಕಾದರೆ ಇಷ್ಟು ಇಂಧನ ಉರಿದಿರಲೇಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುವ ಸುಂದರವಾದ ಉಪಾಯ ಅಲ್ಲಿ ದಶಕಗಳಿಂದ ರೂಢಿಯಲ್ಲಿದೆ. ಜಲಜನಕದ ಕಾರು ಹೊರಬಿಡುವುದು ನೀರು, ನೀರಾವಿ, ಬಳಸದೆ ಉಳಿದ ಗಾಳಿ. ಎಣಿಸಲು ಅದರಲ್ಲಿ ಇಂಗಾಲವೇ ಇಲ್ಲ. ಪರಿಸರದ ದೃಷ್ಟಿಯಿಂದ ಯಾವುದು ಅದರ ಪರಮಗುಣವೋ, ಮಾಪನದ ದೃಷ್ಟಿಯಿಂದ ಅದೇ ಅದರ ದೊಡ್ಡ ಅನನುಕೂಲ. ಹೀಗಾಗಿ ಅಂತರರಾಷ್ಟ್ರೀಯ ಮಾನಕಗಳು ಬೇರೆ ಮೂರು ಮಾರ್ಗಗಳನ್ನು ತೋರಿಸಿವೆ: ಇಂಧನದ ಪಾತ್ರೆಯನ್ನು ಓಟದ ಮುಂಚೆ ಮತ್ತು ಅನಂತರ ತೂಗುವುದು, ಪಾತ್ರೆಯೊಳಗಿನ ಒತ್ತಡ ಉಷ್ಣತೆಗಳಿಂದ ದ್ರವ್ಯರಾಶಿಯನ್ನು ಗಣಿಸುವುದು, ಕೊಳವೆಯಲ್ಲಿ ಹರಿಯುವ ಅನಿಲವನ್ನು ಪ್ರವಾಹಮಾಪಕದಿಂದ ಅಳೆಯುವುದು.

ತೂಗುವುದೇ ಮೂರರಲ್ಲಿ ಶ್ರೇಷ್ಠ, ಆದರೆ ಸುಲಭವಲ್ಲ. ಮೊದಲ ತಲೆಮಾರಿನ ಮಿರಾಯ್ ಕಾರಿನ ಎರಡು ಟ್ಯಾಂಕುಗಳ ತೂಕ 87.5 ಕಿಲೋಗ್ರಾಂ, ಅವುಗಳೊಳಗೆ ಹಿಡಿಯುವ ಜಲಜನಕವಾದರೋ 5 ಕಿಲೋಗ್ರಾಂ. ಪರೀಕ್ಷೆಯ ಒಂದು ಓಟಕ್ಕೆ ವ್ಯಯವಾಗುವುದು ಅದರಲ್ಲಿ ಕೆಲವು ನೂರು ಗ್ರಾಂಗಳಷ್ಟೆ. ಆದುದರಿಂದಲೇ ಪ್ರಯೋಗಾಲಯಗಳಲ್ಲಿ ಕಾರಿನ ಸ್ವಂತ ಟ್ಯಾಂಕನ್ನು ಮುಚ್ಚಿ, ಹೊರಗಿನಿಂದ ಒಂದು ಚಿಕ್ಕ ಪಾತ್ರೆಯನ್ನು ಜೋಡಿಸಿ, ಅದನ್ನು ಸೂಕ್ಷ್ಮವಾದ ತಕ್ಕಡಿಯ ಮೇಲಿರಿಸಿ ತೂಗುತ್ತಾರೆ. ಹೆದ್ದಾರಿಯಲ್ಲಿ ನೂರಾರು ಮೈಲಿ ಹೋಗಬೇಕಾದ ಕಾರಿಗೆ ಈ ಏರ್ಪಾಡು ಒಗ್ಗಲಾರದು.

ಒತ್ತಡವನ್ನು ನೋಡಿ ಗಣಿಸುವ ಎರಡನೆಯ ಮಾರ್ಗವೇ ಆದ್ದರಿಂದ ರಸ್ತೆಯ ಮೇಲಿನ ಅಂದಾಜುಗಳಿಗೆ ಬಹುಮಟ್ಟಿಗೆ ಆಧಾರವಾಗಿದೆ. ಮೋಸಹೋಗುವುದಕ್ಕೆ ಅವಕಾಶ ಅತ್ಯಧಿಕವಾಗಿರುವುದೂ ಅಲ್ಲಿಯೇ. ನಾವು ಕಾಲೇಜಿನಲ್ಲಿ ಕಲಿತ ಆದರ್ಶ ಅನಿಲದ ಸೂತ್ರವನ್ನು ಹಿಡಿದು, 70 ಮೆಗಾಪಾಸ್ಕಲ್ ಒತ್ತಡ, 15 ಡಿಗ್ರಿ ಉಷ್ಣತೆ ಎಂದು ಲೆಕ್ಕ ಹಾಕಿದರೆ, ಲೀಟರು ಒಂದಕ್ಕೆ ಸುಮಾರು 59 ಗ್ರಾಂ ಜಲಜನಕವೆಂಬ ಉತ್ತರ ಬರುತ್ತದೆ. ನಿಜವಾಗಿ ಇರುವುದು ಸುಮಾರು 40 ಗ್ರಾಂ. ಅಷ್ಟು ಒತ್ತಡದಲ್ಲಿ ಅಣುಗಳು ಒಂದನ್ನೊಂದು ತಳ್ಳಿ ತಮ್ಮ ಸ್ಥಳವನ್ನು ಕಾಯ್ದುಕೊಳ್ಳುವುದರಿಂದ, ಸೂತ್ರ ಹೇಳುವಷ್ಟು ಅನಿಲ ಅಲ್ಲಿ ಹಿಡಿಸುವುದಿಲ್ಲ. ಉಷ್ಣತೆಯ ಪಾತ್ರವೂ ಕಡಿಮೆಯಲ್ಲ: ವೇಗವಾಗಿ ತುಂಬಿಸುವಾಗ ಟ್ಯಾಂಕು ಬಿಸಿಯಾಗುವುದರಿಂದ ಅನಿಲವನ್ನು ಶೂನ್ಯಕ್ಕಿಂತ ಕೆಳಗೆ 40 ಡಿಗ್ರಿಯವರೆಗೆ ಮುಂಚಿತವಾಗಿಯೇ ತಂಪುಮಾಡಿ ಬಿಡುತ್ತಾರೆ; ಆದರೂ 85 ಡಿಗ್ರಿಯ ಮಿತಿಯನ್ನು ಮುಟ್ಟಿದ ಟ್ಯಾಂಕಿನಲ್ಲಿ 87.5 ಮೆಗಾಪಾಸ್ಕಲ್ ಒತ್ತಡವಿದ್ದರೂ ಒಳಗಿರುವ ಜಲಜನಕ, 15 ಡಿಗ್ರಿಯಲ್ಲಿ 70 ಮೆಗಾಪಾಸ್ಕಲ್ ಇರುವಾಗ ಎಷ್ಟೋ, ಅಷ್ಟೇ. ಮಧ್ಯಾಹ್ನದ ಬಿಸಿಲಿನಲ್ಲಿ ತುಂಬಿಸಿ ಒಡನೆಯೇ ಒತ್ತಡ ನೋಡಿದವನಿಗೂ, ರಾತ್ರಿಯೆಲ್ಲ ತಣಿಯಲು ಬಿಟ್ಟು ಮುಂಜಾನೆ ನೋಡಿದವನಿಗೂ ಒಂದೇ ಕಾರಿನ ಮೈಲೇಜು ಬೇರೆ ಬೇರೆಯಾಗಿ ತೋರಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಹಾಗಾದರೆ ಪಂಪಿನ ರಸೀದಿಯನ್ನೇ ನಂಬಬಾರದೇಕೆ? ನಮ್ಮಲ್ಲಿ ಪೆಟ್ರೋಲಿನ ಪಂಪು 5 ಲೀಟರಿನ ಅಳತೆಯಲ್ಲಿ 25 ಮಿಲಿಲೀಟರಿಗಿಂತ ಹೆಚ್ಚು ತಪ್ಪಿದರೆ ಕಾನೂನು ಒಪ್ಪುವುದಿಲ್ಲ. ಎಂದರೆ ಶೇಕಡಾ ಅರ್ಧ. ಜಲಜನಕದ ಕಾರುಗಳು ಮೊದಲಿಗೆ ಸಾರ್ವಜನಿಕರ ಕೈಸೇರಿದ ಪ್ರಾಂತಗಳಲ್ಲಿ ಒಂದಾದ ಕ್ಯಾಲಿಫೋರ್ನಿಯಾದಲ್ಲಿ, ಅಂದಿನ ಮಾಪಕಗಳಿಗೆ ಮೊದಲಿನ ಕಟ್ಟುನಿಟ್ಟಿನ ನಿಯಮ ಎಟುಕದೆಂದು ಕಂಡುಬಂದಾಗ, ಶೇಕಡಾ 2, 3, 5, ಕೊನೆಗೆ 10ರವರೆಗಿನ ತಪ್ಪನ್ನು ಒಪ್ಪುವ ದರ್ಜೆಗಳನ್ನು, ಸಡಿಲವಾದ ದರ್ಜೆಗಳಿಗೆ ಕಾಲಮಿತಿ ಹಾಕಿ, ಅಂಗೀಕರಿಸಬೇಕಾಯಿತು. ಆ ಅಧಿಕಾರಿಗಳನ್ನು ನಾನು ಆಕ್ಷೇಪಿಸುವುದಿಲ್ಲ. ಪರಿಪೂರ್ಣ ಮಾಪಕ ಬರುವತನಕ ಮಾರಾಟವೇ ಬೇಡವೆಂದಿದ್ದರೆ ಮಾಪಕ ಸುಧಾರಿಸುವ ಅಗತ್ಯವೂ ಹುಟ್ಟುತ್ತಿರಲಿಲ್ಲ. ಆದರೆ ಶೇಕಡಾ 10ರಷ್ಟು ಅಲುಗಾಡಬಲ್ಲ ರಸೀದಿಯ ಆಧಾರದ ಮೇಲೆ, ನನ್ನ ಕಾರು ಕಿಲೋಗೆ 103.7 ಕಿಲೋಮೀಟರು ಕೊಡುತ್ತದೆ ಎಂದು ದಶಮಾಂಶದವರೆಗೂ ಹೇಳುವವನ ಮುಂದೆ ನಾವು ವಿನಯದಿಂದ ಮುಗುಳ್ನಗಬಹುದಷ್ಟೆ.

ಭಾಜಕದ ವಿಚಾರದಲ್ಲಿ ಇನ್ನೊಂದು ಬಲೆಯಿದೆ. ಅದನ್ನು ಬೇಗನೆ ದಾಟೋಣ. ಜಲಜನಕದ ಕಿಲೋ ಒಂದರಲ್ಲಿರುವ ಶಕ್ತಿ, ಹುಟ್ಟಿದ ನೀರು ಆವಿಯಾಗಿಯೇ ಉಳಿಯುವುದೆಂದು ಎಣಿಸಿದರೆ 120 ಮೆಗಾಜೂಲ್, ಅದು ದ್ರವವಾಗುವುದೆಂದು ಎಣಿಸಿದರೆ ಸುಮಾರು 142. ಮೊದಲನೆಯ ಎಣಿಕೆಯಲ್ಲಿ ಶೇಕಡಾ 60ರ ದಕ್ಷತೆಯುಳ್ಳ ಕೋಶ ಎರಡನೆಯದರಲ್ಲಿ ಶೇಕಡಾ 51ರದಾಗುತ್ತದೆ. ಪ್ರಬಂಧ ಮಂಡಿಸುವವರು ಯಾವುದನ್ನು ಬಳಸಿದ್ದೇವೆಂದು ಹೇಳದಿದ್ದರೆ ಸಭೆಯವರು ಕೇಳತಕ್ಕದ್ದು.

ಈಗ ಕೋಶದ ಸ್ವಭಾವವನ್ನು ನೋಡೋಣ. ಪೆಟ್ರೋಲಿನ ಎಂಜಿನು ಭಾರ ಹೊತ್ತಾಗ ಚುರುಕು, ಭಾರವಿಲ್ಲದಾಗ ಸೋಮಾರಿ. ಇಂಧನಕೋಶದ ನಡತೆ ಬಹುಪಾಲು ಇದಕ್ಕೆ ವಿರುದ್ಧ. ಷಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು 2017ರ ಮಾದರಿಯ ಮಿರಾಯ್ ಕಾರನ್ನು ಅಳೆದಾಗ ಕೋಶಸಮೂಹದ ಗರಿಷ್ಠ ದಕ್ಷತೆ ಶೇಕಡಾ 66, ಗಾಳಿಯೂದುವ ಯಂತ್ರ ಮೊದಲಾದ ಪರಿವಾರವೆಲ್ಲ ತಿಂದು ಉಳಿದದ್ದು ಶೇಕಡಾ 63.7, ಕಾಲುಭಾಗ ಸಾಮರ್ಥ್ಯದಲ್ಲಿ ಶೇಕಡಾ 58 ಎಂದು ಕಂಡುಬಂದಿತು. ಗರಿಷ್ಠವು ದೊರೆಯುವುದು ಅಲ್ಪಭಾರದಲ್ಲಿ. ಕಾಲನ್ನು ಒತ್ತಿದಷ್ಟೂ ಅದು ಇಳಿಯುತ್ತ ಹೋಗುತ್ತದೆ. ನಿಧಾನವಾಗಿ ಹೋಗುವವನಿಗೆ ಈ ಕಾರು ಕೊಡುವ ಬಹುಮಾನ ಹೀಗೆ ಇಮ್ಮಡಿ: ಗಾಳಿಯ ತಡೆ ಕಡಿಮೆ, ಕೋಶದ ದಕ್ಷತೆ ಹೆಚ್ಚು. ಮೊದಲು ಹೇಳಿದ 240 ಕಿಲೋಮೀಟರಿನ ದಾಖಲೆಯ ರಹಸ್ಯ ಇಲ್ಲಿದೆ. ಅದು ಮಾಯೆಯಲ್ಲ, ಆದರೆ ಮನೆಯವರು ಕಾಯುತ್ತಿರುವಾಗ ಹೆದ್ದಾರಿ ಹಿಡಿದ ಸಂಸಾರಸ್ಥನ ಚಾಲನೆಯೂ ಅಲ್ಲ.

ರಸ್ತೆಯ ಮೇಲಿನ ಪ್ರಾಮಾಣಿಕ ಅಂದಾಜಿಗೆ ನಿದರ್ಶನವಾಗಿ ನಾನು 2009ರ ಪ್ರಯೋಗವೊಂದನ್ನು ಸ್ಮರಿಸುತ್ತೇನೆ. ಅಮೆರಿಕದ ಸವಾನಾ ರಿವರ್ ರಾಷ್ಟ್ರೀಯ ಪ್ರಯೋಗಾಲಯ ಹಾಗೂ ನವೀಕರಣೀಯ ಶಕ್ತಿಯ ರಾಷ್ಟ್ರೀಯ ಪ್ರಯೋಗಾಲಯಗಳ ತಜ್ಞರು, ಟೊಯೋಟಾದವರ ಎರಡು ಪ್ರಾಯೋಗಿಕ ವಾಹನಗಳಲ್ಲಿ, ಟಾರೆನ್ಸಿನಿಂದ ಹೊರಟು ಸ್ಯಾನ್ ಡಿಯಾಗೋ ಕಡೆಗೆ ಹೋಗಿ ಬರುತ್ತ, ಹೆದ್ದಾರಿಯ ವೇಗವನ್ನೂ ಊರೊಳಗಿನ ನಿಂತು ನಿಂತು ಸಾಗುವ ಸಂಚಾರವನ್ನೂ ಉಂಡು, ಸರಾಸರಿ 331.5 ಮೈಲಿ ಕ್ರಮಿಸಿದರು. ಕಿಲೋ ಒಂದಕ್ಕೆ 68.3 ಮೈಲಿ, ಅಂದರೆ ಸುಮಾರು 110 ಕಿಲೋಮೀಟರು, ಎಂದು ಕಂಡುಬಂದಿತು. ಅನಂತರ ಲೋಕದಲ್ಲಿ ಪ್ರಸಿದ್ಧವಾದದ್ದು ಮಾತ್ರ 431 ಮೈಲಿ ಎಂಬ ಇನ್ನೊಂದು ಸಂಖ್ಯೆ. ಆ ದೂರವನ್ನು ಯಾರೂ ಓಡಿಸಿರಲಿಲ್ಲ. ಓಡಿದ ದೂರ, ವ್ಯಯವಾದ ಜಲಜನಕ, ಟ್ಯಾಂಕಿನಲ್ಲಿ ಬಳಕೆಗೆ ಉಳಿದದ್ದು ಇವುಗಳಿಂದ ಕಟ್ಟಿದ ಅಂದಾಜು ಅದು. ತಜ್ಞರು ಅಂದಾಜನ್ನು ಅಂದಾಜೆಂದೇ ಬರೆದಿದ್ದರು. ಕೈಯಿಂದ ಕೈಗೆ ದಾಟುವಾಗ ಆ ಒಂದು ಪದ ಉದುರಿಹೋಗುವುದು ಎಲ್ಲ ದೇಶದ ಪತ್ರಿಕೆಗಳಲ್ಲಿಯೂ ನಡೆಯುವ ಸಂಗತಿ.

ಎರಡು ವಾಹನಗಳ ಒಂದು ದಿನದ ಓಟಕ್ಕಿಂತ ವಿಸ್ತಾರವಾದ ಸಾಕ್ಷ್ಯವೂ ಇದೆ. 2005ರಿಂದ 2011ರವರೆಗೆ ಅಮೆರಿಕದ ಇಂಧನ ಇಲಾಖೆ ನಡೆಸಿದ ಪ್ರದರ್ಶನ ಯೋಜನೆಯಲ್ಲಿ 183 ವಾಹನಗಳು ಒಟ್ಟು 36 ಲಕ್ಷ ಮೈಲಿ ಓಡಿದುವು. ಅಲ್ಲಿಯ ದತ್ತಾಂಶವನ್ನು ಭದ್ರವಾದ ಕೋಣೆಯಲ್ಲಿರಿಸಿ, ಯಾವ ಕಂಪನಿಯ ಕಾರು ಯಾವುದೆಂದು ತಿಳಿಯದಂತೆ ಬೆರೆಸಿದ ಫಲಿತಾಂಶಗಳನ್ನು ಮಾತ್ರ ಪ್ರಕಟಿಸಿದರು. ಸ್ಪರ್ಧಿಗಳಿಂದ ಸತ್ಯವನ್ನು ಹೊರಡಿಸಲು ಇದು ಬುದ್ಧಿವಂತಿಕೆಯ ಉಪಾಯವೇ ಸರಿ. ಆದರೆ ಬೆರೆಸಿದ ಸರಾಸರಿಯಿಂದ ಕೊಳ್ಳುವವನಿಗೆ ದೊರೆಯುವ ಬೆಳಕು ಸ್ವಲ್ಪವೇ ಎಂಬ ಅಸಮಾಧಾನ ನನ್ನಲ್ಲಿ ಇಂದಿಗೂ ಉಳಿದಿದೆ. ನಮ್ಮ ದೇಶದಲ್ಲಿ ಇಂಥದೊಂದು ಯೋಜನೆ ರೂಪುಗೊಂಡರೆ, ಸಾರ್ವಜನಿಕ ಹಣ ಸೇರಿದಲ್ಲೆಲ್ಲ ಪ್ರತಿಯೊಂದು ವಾಹನದ ಅಂಕಿಯೂ ಸಾರ್ವಜನಿಕವಾಗತಕ್ಕದ್ದೆಂದು ನನ್ನ ಅಭಿಪ್ರಾಯ.

ನಮ್ಮ ದೇಶವೆಂದೆನಷ್ಟೆ. ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ, ಮಾನೇಸರದ ಅಂತರರಾಷ್ಟ್ರೀಯ ವಾಹನ ತಂತ್ರಜ್ಞಾನ ಕೇಂದ್ರದೊಡನೆ ಸೇರಿ, ಮಿರಾಯ್ ಕಾರನ್ನು ಭಾರತದ ರಸ್ತೆಗಳಲ್ಲಿ, ಭಾರತದ ಹವೆಯಲ್ಲಿ ಪರೀಕ್ಷಿಸುವ ಯೋಜನೆಯನ್ನು 2022ರ ಮಾರ್ಚಿನಲ್ಲಿ ಆರಂಭಿಸಿತು. ಹೊರದೇಶದ ಅಂಕಿಯನ್ನು ಒಂದು ಗುಣಕದಿಂದ ಗುಣಿಸಿ ಇಲ್ಲಿಗೆ ಒಪ್ಪಿಸಿಬಿಡಬಹುದೆಂಬ ಭ್ರಮೆಯನ್ನು ನಾವು ಮೊದಲು ಬಿಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತನೆಯ ಒಂದು ಪಾಲು ಕಡಿಮೆ. ಕೋಶಕ್ಕೆ ಬೇಕಾದ ಆಮ್ಲಜನಕವನ್ನು ಒದಗಿಸಲು ಗಾಳಿಯೂದುವ ಯಂತ್ರ ಅಷ್ಟರಮಟ್ಟಿಗೆ ಹೆಚ್ಚು ದುಡಿಯಬೇಕು, ಮತ್ತು ಕೋಶದ ಪರಿವಾರದಲ್ಲಿ ಅತ್ಯಂತ ದೊಡ್ಡ ಹೊಟ್ಟೆ ಆ ಯಂತ್ರದ್ದೇ. ಕಲಬುರಗಿಯ ಮೇ ತಿಂಗಳಿನಲ್ಲಿ ಹೊರಗೆ 40 ಡಿಗ್ರಿಗೂ ಮೀರಿದ ತಾಪವಿರುವಾಗ, ತಾನೇ 80 ಡಿಗ್ರಿಯ ಆಸುಪಾಸಿಗಿಂತ ಹೆಚ್ಚು ಬಿಸಿಯಾಗಬಾರದ ಕೋಶ ತನ್ನ ಶಾಖವನ್ನು ಹೊರಹಾಕಲು ಪಡುವ ಪಾಡು, ಹೊಗೆಕೊಳವೆಯ ಮೂಲಕವೇ ಬಹಳಷ್ಟು ಶಾಖವನ್ನು ಕಳೆದುಕೊಳ್ಳುವ ಪೆಟ್ರೋಲಿನ ಎಂಜಿನಿಗೆ ಗೊತ್ತಿಲ್ಲ. ಶಿರಾಡಿ ಘಾಟಿಯನ್ನು ಇಳಿಯುವಾಗ ಬ್ರೇಕಿನ ಶಕ್ತಿಯನ್ನು ಮರಳಿ ಪಡೆಯುವ ಬ್ಯಾಟರಿ, ಎರಡನೆಯ ಮಿರಾಯ್ ಕಾರಿನಲ್ಲಿ, 1.24 ಕಿಲೋವಾಟ್-ಗಂಟೆಯದು, ಅರ್ಧ ಇಳಿಯುವಷ್ಟರಲ್ಲಿಯೇ ಅದು ತುಂಬಿಹೋದರೆ ಉಳಿದ ಇಳಿಜಾರಿನ ಸಂಪತ್ತೆಲ್ಲ ವ್ಯರ್ಥ. ಓಟದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಆ ಬ್ಯಾಟರಿಯ ಮಟ್ಟ ಒಂದೇ ಇತ್ತೇ ಎಂದು ನೋಡದೆ ಮಾಡಿದ ಲೆಕ್ಕ, ಚಿಕ್ಕ ಓಟಗಳಲ್ಲಂತೂ, ನಂಬತಕ್ಕದ್ದಲ್ಲ.

ಜಲಜನಕವನ್ನು ತಯಾರಿಸಲು ತಗಲುವ ಶಕ್ತಿಯ ಮಾತನ್ನು ಎತ್ತುವವರು ಈ ಸಭೆಯಲ್ಲಿ ಇದ್ದೇ ಇರುತ್ತಾರೆ. ನೀರನ್ನು ವಿಭಜಿಸಿ ಒಂದು ಕಿಲೋ ಪಡೆಯಲು 50ರಿಂದ 55 ಯೂನಿಟ್ ವಿದ್ಯುತ್ತು ಬೇಕು. ಅಷ್ಟನ್ನೇ ನೇರವಾಗಿ ಬ್ಯಾಟರಿಯ ಕಾರಿಗೆ ಕೊಟ್ಟರೆ ಅದು ಎರಡೂವರೆ ಮೂರು ಪಟ್ಟು ದೂರ ಹೋದೀತು. ಈ ವಾದದ ಬಲವನ್ನು ನಾನು ಒಪ್ಪುತ್ತೇನೆ. ಆದರೆ ಯಾವ ಕಾರನ್ನು ಕಟ್ಟಬೇಕೆಂಬ ಪ್ರಶ್ನೆ ಬೇರೆ, ಕಟ್ಟಿದ ಕಾರನ್ನು ಹೇಗೆ ಅಳೆಯಬೇಕೆಂಬ ಪ್ರಶ್ನೆ ಬೇರೆ. ಎರಡನೆಯದಕ್ಕೆ ಸರಿಯಾದ ಉತ್ತರವಿಲ್ಲದೆ ಮೊದಲನೆಯದನ್ನು ಚರ್ಚಿಸಹೊರಟರೆ ಎರಡು ಪಕ್ಷದವರೂ ತಮತಮಗೆ ಬೇಕಾದ ಅಂಕಿಯನ್ನು ಎತ್ತಿಕೊಂಡು ಜಗಳವಾಡುವಂತಾಗುತ್ತದೆ.

ಎರಡು ದಿನಗಳ ಈ ಗೋಷ್ಠಿಗಳಿಂದ ನಾನು ಅಪೇಕ್ಷಿಸುವುದು ಇಷ್ಟು. ನಮ್ಮ ನಾಡಿನ ರಸ್ತೆಗಳಿಗೆ ತಕ್ಕ ಒಂದು ಓಟದ ಕ್ರಮ ರೂಪುಗೊಳ್ಳಲಿ: ಬೆಂಗಳೂರಿನ ಸಂಜೆಯ ದಟ್ಟಣೆ, ಘಾಟಿಯ ಏರಿಳಿತ, ಬಯಲುಸೀಮೆಯ ಬೇಸಿಗೆ ಮೂರೂ ಅದರಲ್ಲಿರಲಿ. ತುಂಬಿಸಿದ ಟ್ಯಾಂಕು ತಣಿದ ಮೇಲೆಯೇ ಒತ್ತಡ ಉಷ್ಣತೆಗಳನ್ನು ಬರೆದುಕೊಳ್ಳುವ ನಿಯಮವಾಗಲಿ. ತಣಿಯುವ ಅವಧಿ ಎಷ್ಟು ಗಂಟೆಯೆಂಬುದನ್ನು ಊಹೆಯಿಂದಲ್ಲದೆ ಪ್ರಯೋಗದಿಂದ ಗೊತ್ತುಮಾಡಲಿ. ಪ್ರಕಟವಾಗುವ ಪ್ರತಿಯೊಂದು ಅಂಕಿಯ ಪಕ್ಕದಲ್ಲಿಯೂ ಹೆಚ್ಚುಕಡಿಮೆಯ ಮಿತಿ, ಹವಾನಿಯಂತ್ರಣದ ಸ್ಥಿತಿ, ಕೋಶವು ಅದುವರೆಗೆ ದುಡಿದ ಗಂಟೆಗಳು ದಾಖಲಾಗಲಿ. ಹಳೆಯದಾಗುತ್ತ ಬಂದ ಕೋಶ ಅದೇ ದೂರಕ್ಕೆ ಹೆಚ್ಚು ಇಂಧನ ಬೇಡುತ್ತದೆಂಬುದು ತಮಗೆಲ್ಲ ತಿಳಿದೇ ಇದೆ. ಮೊದಲನೆಯ ಗೋಷ್ಠಿಗೆ ತೂಕದ ವಿಷಯವನ್ನೇ ಇಟ್ಟುಕೊಂಡಿರುವುದು ನನಗೆ ಸಂತೋಷದ ಸಂಗತಿ. ಕಳಚಿ ತೂಗಬಹುದಾದ ಟ್ಯಾಂಕೊಂದನ್ನು ರಸ್ತೆಯ ಕಾರಿಗೆ ಸುರಕ್ಷಿತವಾಗಿ ಅಳವಡಿಸುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಆ ಗೋಷ್ಠಿಯ ಅಧ್ಯಕ್ಷರ ಮುಂದಿರಿಸಿ, ತಮ್ಮೆಲ್ಲರ ಅಪ್ಪಣೆ ಪಡೆದು, ಈ ಸಂಕಿರಣ ಆರಂಭವಾಯಿತೆಂದು ಘೋಷಿಸುತ್ತೇನೆ.